ದೀಪ ಹಚ್ಚುವುದರೊಳಗೆ ಶಿವನನ್ನು ಕೂಡಿಸಿದ ಮಳೆಗಾಲ

ಮೊನ್ನೆ ಅಡುಗೆಮನೆಯ ಕಪಾಟಿಗೆ ಬಾಗಿಲು ಮಾಡಿಸಬೇಕೆಂದು ಹುಬ್ಬಳ್ಳಿಯ ಒಂದು ಪ್ಲೈವುಡ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹಲಗೆಯೊಂದನ್ನು ಮಷೀನಿಗೆ ಕೊಟ್ಟು ಕರ್ರ್ ಎಂದು ಕೊಯ್ದ. ಅಬ್ಬಾ, ಆ ವಾಸನೆ! ಹಸಿ ಹೊಟ್ಟು, ಅದರೊಳಗೆ ಚೂರು ಸುಟ್ಟ ಅಂಟು. ನನ್ನ ಮುಖ ಹೇಗಾಯಿತೋ ಏನೋ, ಆತ ಗಾಬರಿಯಾಗಿ ಸ್ಟೂಲ್ ಎಳೆದು, “ಕುಂದರ್ರಿ ಅಕ್ಕಾರ, ನೀರು ಕುಡೀತೀರೇನು?” ಎಂದ. “ಏನೂ ಆಗಿಲ್ಲೋ ತಮ್ಮಾ, ಖುಷಿ ಆಗೇತಿ” ಎಂದೆ. ಪ್ಲೈವುಡ್ ಮೂಸಿ ಖುಷಿಪಡುವ ಮುದುಕಿಯನ್ನು ಆತ ಅದೇ ಮೊದಲು ನೋಡಿದ್ದೆಂದು ಕಾಣುತ್ತದೆ. ನಾನು ಅಂಗಡಿಯಿಂದ ಇಳಿಯುವ ತನಕ ನನ್ನ ಮೇಲೆ ಒಂದು ಕಣ್ಣಿಟ್ಟೇ ಇದ್ದ.

ಎಪ್ಪತ್ತರ ದಶಕದ ಮಾತು. ಊರು ಸಂಶಿ. ಅದರ ಹಿಂದಿನ ವರ್ಷ ಕೈಕೊಟ್ಟಿದ್ದ ಜೂನ್ ತಿಂಗಳ ಮಿರಗದ ಮಳೆ ಆ ವರ್ಷ ಹೇಳಿ ಕಳಿಸಿ ಕರೆಸಿದವರ ಹಾಗೆ ಸರಿಯಾದ ಹೊತ್ತಿಗೆ ಬಂದಿತ್ತು. ಎರಿಮಣ್ಣು ಹತ್ತಿ ಹತ್ತಿ ಒಂದೊಂದು ಚಪ್ಪಲಿ ಎತ್ತಿಡುವುದೇ ಒಂದು ಕೆಲಸ. ಊರಿಗೆ ಊರೇ ಬಿತ್ತುವ ಗಡಿಬಿಡಿಯಲ್ಲಿತ್ತು. ಶೇಂಗಾ ಸುಲಿಯುವವರು ಸುಲಿಯುತ್ತಿದ್ದರು, ಕೂರಿಗೆ ಹೊತ್ತು ಓಡುವವರು ಓಡುತ್ತಿದ್ದರು. ನಾನೊಬ್ಬಳು ಮಾತ್ರ ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯ ಮೂಲೆ ಹಿಡಿದು ಕೂತಿದ್ದೆ.

ಫೇಲಾದದ್ದು ಗಣಿತಕ್ಕೆ. ಗಣಿತ ಬಾರದೆ ಫೇಲಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಬರುತ್ತಿತ್ತಲ್ಲ! ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆದು ನಮ್ಮ ಕಡೆ ತಿರುಗುವುದರೊಳಗೆ ನಾನು ಉತ್ತರ ಒದರುತ್ತಿದ್ದೆ. ಆದರೆ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ, ಬೆರಳೆಲ್ಲ ತಣ್ಣಗಾದವು. ಬೆವರಿಗೆ ಪೆನ್ನು ಜಾರಿತು. ಎದೆ ಬಡಿದುಕೊಳ್ಳುವುದು ಹಿಂದಿನ ಬೆಂಚಿನವಳಿಗೂ ಕೇಳಿಸುತ್ತಿದೆ ಅನ್ನಿಸಿತು. ಅಂಕಿಗಳನ್ನು ಓದುತ್ತೇನೆ, ತಲೆಯೊಳಗೆ ಇಳಿಯುವುದಿಲ್ಲ. ಅರ್ಧ ತಾಸು ಹಾಗೇ ಕೂತವಳು ಎದ್ದು ಹೊರಗೆ ಬಂದುಬಿಟ್ಟೆ. ಇದಕ್ಕೆ ಈಗ ಡಾಕ್ಟರುಗಳ ಹತ್ತಿರ ಏನೇನೋ ಹೆಸರಿವೆ. ಆಗ ನಮ್ಮೂರಲ್ಲಿದ್ದದ್ದು ಗಾಬರಿ ಎಂಬ ಒಂದೇ ಶಬ್ದ. ಔಷಧಿಯೂ ಒಂದೇ: “ಗಾಬರಿ ಆಗಬ್ಯಾಡವಾ.” ಸೀರೆಗೆ ಬೆಂಕಿ ಹತ್ತಿದವಳಿಗೆ ‘ಸುಟ್ಕೋಬ್ಯಾಡ’ ಅಂದ ಹಾಗೆ! ಆ ಔಷಧಿಯನ್ನು ನನಗೆ ಕುಡಿಸದವರು ಊರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಎದುರಾಡಿ ಹಗುರಾಗುತ್ತಿದ್ದೆ. ಒಂದು ಮುಂಜಾನೆ ಹೊಲಕ್ಕೆ ಹೊರಡುವ ಮುಂಚೆ ಮೆಲ್ಲಗೆ ಹೇಳಿದ: “ಅಕ್ಟೋಬರಿಗೆ ಇನ್ನೊಮ್ಮೆ ಕಟ್ಟು. ಪಾಸಾದಿ ಅಂದ್ರ ಧಾರವಾಡಕ್ಕ ಟ್ರೇನಿಂಗಿಗೆ ಕಳಸ್ತೀನಿ. ಇಲ್ಲಂದ್ರ ಕುಬಿಹಾಳದವ್ರು ಕೇಳಾಕತ್ತಾರ. ದೀಪಾವಳಿಗೆ ಅವರಿಗೆ ಮಾತು ಕೊಡ್ತೀನಿ.”

ಕುಬಿಹಾಳದ ಹುಡುಗ ಕೆಟ್ಟವನಲ್ಲ, ಮನೆತನವೂ ಒಳ್ಳೆಯದೇ. ಆದರೆ ನನಗೆ ಸಾಲಿ ಕಲಿಸುವ ಅಕ್ಕೋರಾಗಬೇಕಿತ್ತು. ಮೂರನೆಯ ಇಯತ್ತೆಯಿಂದ ದನದ ಕೊಟ್ಟಿಗೆಯ ಗೋಡೆಗೆ ಪಾಠ ಹೇಳಿದವಳು ನಾನು. ಎಮ್ಮೆಗಳಿಗೆ ಮಗ್ಗಿ ಬಾಯಿಪಾಠ ಬರುವಷ್ಟು ಹೇಳಿದ್ದೆ! ಅಕ್ಟೋಬರಿಗೆ ನಾಲ್ಕು ತಿಂಗಳಿದ್ದವು. ಗಣಿತದ ಪುಸ್ತಕ ತೆರೆದರೆ ಸಾಕು, ಮನೆಯಲ್ಲೇ, ಯಾವ ಪರೀಕ್ಷೆಯೂ ಇಲ್ಲದೆ, ಕೈ ನಡುಗತೊಡಗಿತು.

ನಮ್ಮ ಮನೆಯ ಬಾಜು ಮೌನೇಶ ಕಾಕಾನ ಬಡಿಗತನದ ಚಪ್ಪರ. ಮನೆಯಲ್ಲಿ ಕೂತರೆ ಎಲ್ಲರೂ ನನ್ನ ಮುಖ ನೋಡುತ್ತಾರೆಂದು ನಾನು ಅಲ್ಲಿಗೆ ಹೋಗಿ ಕೂಡುತ್ತಿದ್ದೆ. ಆತ ಕೂರಿಗೆಯ ತಾಳು ಬಿಗಿಯುವುದನ್ನು ನೋಡುತ್ತ, ಅವನ ಡಬ್ಬಿಯ ಮೊಳೆಗಳನ್ನು ಸಣ್ಣವು, ದೊಡ್ಡವು, ಸೊಟ್ಟವು ಎಂದು ಬೇರೆ ಮಾಡುತ್ತ ಹೊತ್ತು ಕಳೆಯುತ್ತಿದ್ದೆ. ಒಂದು ದಿನ ಆತ ಉಳಿ ಕೆಳಗಿಟ್ಟು ನನ್ನ ಕೈಯನ್ನೇ ನೋಡಿದ.

“ನೀಲವ್ವಾ, ಪುಸ್ತಕ ಹಿಡಿದ್ರ ನಡುಗೂ ಕೈ ಮೊಳಿ ಹಿಡಿದ್ರ ನಡಗವಲ್ದಲ್ಲ?”

ನನಗೆ ಅದು ಹೊಳೆದೇ ಇರಲಿಲ್ಲ. ನೋಡಿಕೊಂಡೆ. ಹೌದು, ಕೈ ಗಟ್ಟಿಯಾಗಿ, ಬೆಚ್ಚಗೆ ಇತ್ತು.

“ಖಾಲಿ ಕೈ ಎದಿಗೆ ಬಡೀತೈತಿ. ಕೈಗೆ ಕೆಲಸ ಕೊಡಬೇಕವಾ, ಎದಿ ತಾನ ಸುಮ್ಮನಾಗತೈತಿ” ಎಂದ ಕಾಕಾ, ಹುಬ್ಬಳ್ಳಿಯ ಕಥೆ ತೆಗೆದ. ಹರೆಯದಲ್ಲಿ ಆತ ಅಲ್ಲಿ ರೈಲ್ವೆ ಸಾಹೇಬರೊಬ್ಬರ ಬಂಗಲೆಗೆ ಕಪಾಟು ರಿಪೇರಿಗೆ ಹೋಗಿದ್ದನಂತೆ. ಸಾಹೇಬರಿಗೆ ಆಪರೇಶನ್ ಇತ್ತು. ಅವರ ಹೆಂಡತಿ ಮೇಜಿನ ಮೇಲೆ ಹಲಗೆಯ ಸಣ್ಣ ಸಣ್ಣ ತುಂಡು ಹರಡಿಕೊಂಡು, ಒಂದಕ್ಕೊಂದು ಹೊಂದಿಸುತ್ತ ಕೂತಿದ್ದರಂತೆ. ಹೊಂದಿಸಿದಂತೆ ಒಂದು ಊರಿನ ಚಿತ್ರ ಎದ್ದು ಬರುತ್ತಿತ್ತಂತೆ. “ಮುಂಜಾನಿಂದ ಅಳಕೋತ ಇದ್ದ ಬಾಯಾರು, ಅದನ್ನ ಹಿಡಕೊಂಡು ಕುಂತಿಂದ ಗುಡುಗು ಹೊಡದ್ರೂ ತಲಿ ಎತ್ತಲಿಲ್ಲ ನೋಡು! ನಿನಗೂ ಒಂದು ಮಾಡಿ ಕೊಡ್ತೀನಿ, ತಡಿ.”

ಹಲಗೆ ಸಿಕ್ಕಿತು. ಕಿರಾಣಿ ಅಂಗಡಿಗೆ ಚಹಾ ತುಂಬಿ ಬರುತ್ತಿದ್ದ ಪೆಟ್ಟಿಗೆಯ ತೆಳು ಪ್ಲೈವುಡ್ಡು. ಮೈದಾ ಅಂಟನ್ನು ನಾನೇ ಕುದಿಸಿದೆ. ಇನ್ನು ಬಣ್ಣದ ಚಿತ್ರ ಬೇಕು. ನಮ್ಮ ಮನೆಯಲ್ಲಿ ಬಣ್ಣದ ಚಿತ್ರವೆಂದರೆ ಒಂದೇ, ಅರಿವೆ ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರು. ಕೈಲಾಸ, ಶಿವ, ಪಾರ್ವತಿ, ತೊಡೆಯ ಮೇಲೆ ಗಣಪತಿ, ಬಾಜು ಷಣ್ಮುಖ, ಮುಂದೆ ಬಿಳಿ ನಂದಿ. ಅವಸರದಲ್ಲಿ ಅದನ್ನೇ ಬಿಚ್ಚಿ ಕೊಟ್ಟೆ. ಕಾಕಾ ಅಂಟಿಸಿ, ಒಣಗಿಸಿ, ಸಣ್ಣ ಹಲ್ಲಿನ ಗರಗಸದಿಂದ ಮೂರು ದಿನ ಕೂತು ಸೊಟ್ಟಪಟ್ಟ ಕೊಯ್ದ. ಎಂಬತ್ತೆರಡು ತುಂಡು! ಆ ಹೊಟ್ಟಿನ ವಾಸನೆಗೆ ನಾನು ಕುಣಿಯುವುದೊಂದು ಬಾಕಿ. ನಾವು ಏನು ಮಾಡಿದ್ದೇವೆಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಅದನ್ನು ಹೊಳೆಯಿಸಿದವಳು ನಮ್ಮ ಅಮ್ಮ. ಅಮ್ಮ ಅಂದರೆ ಅಪ್ಪನ ತಾಯಿ. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ತುಂಡುಗಳನ್ನು ಮೊರದಲ್ಲಿ ಹಾಕಿಕೊಂಡು ಕಾಕಾ ಪಡಸಾಲೆಗೆ ಬಂದಾಗ ಆಕೆ ಬತ್ತಿ ಹೊಸೆಯುತ್ತಿದ್ದಳು. “ಏನಲೇ ಮೌನೇಶ, ಹುಣಸೀಬೀಜ ಏನು?” ಎನ್ನುತ್ತ ಒಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು. ಆ ತುಂಡಿನಲ್ಲಿ ಗಣಪತಿಯ ಒಂದು ಕಣ್ಣಿತ್ತು. ಅದು ಆಕೆಯನ್ನೇ ನೋಡುತ್ತಿತ್ತು.

“ಶಿವ ಶಿವಾ! ಶ್ರಾವಣ ಸೋಮವಾರ ದಿವಸ ಶಿವನ್ನ ಕಡದು ಮೊರದಾಗ ತಂದೀರಲ್ಲೋ, ನಿಮ್ಮ ಬಾಯಾಗ ಮಣ್ಣ ಹಾಕ!”

ಬಾಗಿಲಲ್ಲಿ ಅಕ್ಕಪಕ್ಕದ ಮಂದಿ ಕೂಡಿದರು. ಅವ್ವ ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬಂದು ಮೂಗಿನ ಮೇಲೆ ಬೆರಳಿಟ್ಟಳು. ಅಮ್ಮನ ಸಿಟ್ಟಿಗೆ ಅರ್ಥವಿತ್ತು. ಭಿನ್ನವಾದ ದೇವರನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಮೂರ್ತಿ ಒಡೆಯಲಿ, ಪಟ ಹರಿಯಲಿ, ಹಳ್ಳಕ್ಕೆ ಬಿಟ್ಟು ಬರಬೇಕು. ನಾವು ಒಡೆದದ್ದು ಒಂದಲ್ಲ ಎರಡಲ್ಲ, ಎಂಬತ್ತೆರಡು ಚೂರು. ಅಮ್ಮ ಮೊರ ಎತ್ತಿಕೊಂಡು ಹಳ್ಳದ ದಾರಿ ಹಿಡಿದೇಬಿಟ್ಟಳು. ಕಾಕಾ ಓಡಿಹೋಗಿ ಅಡ್ಡ ನಿಂತ.

“ಯಮ್ಮಾ, ಒಂದ ಮಾತು ಕೇಳ್ರಿ. ಒಡದದ್ದು ಕೂಡಂಗಿಲ್ಲ. ಇದು ಕೂಡತೈತ್ರಿ. ಗಾಡಿ ಕೀಲು ತಗದು ಗಾಲಿ ಬಿಚ್ಚಿಟ್ರ ಗಾಡಿ ಮುರೀತು ಅಂತೀರೇನು?”

ಅಮ್ಮ ನಿಂತಳು. ಎಂಬತ್ತರ ಹತ್ತಿರ ಹತ್ತಿರದ ಜೀವ. ನ್ಯಾಯದ ಮಾತಿಗೆ ಮಾತ್ರ ಯಾವತ್ತೂ ಕಿವಿ ಕೊಡುತ್ತಿದ್ದಳು. “ಹಂಗಾರ ಕೂಡಸಿ ತೋರ್ಸು. ದೀಪ ಹಚ್ಚೂದ್ರೊಳಗ ದೇವರು ದೇವರಾಗಿ ಕುಂತಿರಬೇಕು. ಇಲ್ಲಂದ್ರ ಹಳ್ಳಕ್ಕ.”

ಕಾಕಾ ಜಂಬದಿಂದ ಪಡಸಾಲೆಯಲ್ಲಿ ಕೂತ. ತಾನೇ ಕೊಯ್ದದ್ದಲ್ಲವೇ! ಅರ್ಧ ತಾಸು ಕಳೆದರೂ ಎರಡು ತುಂಡು ಕೂಡಲಿಲ್ಲ. ಶಿವನ ಮೊಣಕೈಗೆ ನಂದಿಯ ಬಾಲ ಹಚ್ಚಿ ನೋಡಿದ. ಹಣೆಯಿಂದ ಬೆವರು ಸುರಿಯಿತು. ಮಂದಿ ನಗತೊಡಗಿದರು. ನನಗೆ ತಡೆಯಲಾಗಲಿಲ್ಲ. “ಸರೀ ಕಾಕಾ, ಅತ್ತ ಸರೀ!” ಎಂದು ನುಗ್ಗಿ ಕೂತೆ. ಕೂತ ಕೂಡಲೇ ಕೈ ನಡುಗಿತು, ಮಂದಿ ನೋಡುತ್ತಿದ್ದರಲ್ಲ. ಒಂದು ತುಂಡು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಅಂಗೈಗಳನ್ನು ಸಗಣಿ ಸಾರಿಸಿದ ತಣ್ಣನೆಯ ನೆಲಕ್ಕೆ ಊರಿ ಒಂದು ಗಳಿಗೆ ಸುಮ್ಮನೆ ನೋಡಿದೆ. ನಾಲ್ಕು ತುಂಡುಗಳಿಗೆ ಮಾತ್ರ ಎರಡೆರಡು ನೆಟ್ಟಗಿನ ಬದಿಗಳಿದ್ದವು. ಅವು ನಾಲ್ಕು ಮೂಲೆ! ಒಂದು ಬದಿ ನೆಟ್ಟಗಿದ್ದವು ಅಂಚು! ಮೂಲೆ ಇಟ್ಟೆ, ಅಂಚು ಕೂಡಿಸಿದೆ, ಬಿಳಿ ಇದ್ದದ್ದೆಲ್ಲ ನಂದಿಯೆಂದು ಒಂದು ಕಡೆ ಗುಡ್ಡೆ ಹಾಕಿದೆ. ನಂದಿ ಎದ್ದು ನಿಂತಾಗ ಬಾಗಿಲಲ್ಲಿದ್ದವರೆಲ್ಲ “ಹೋ” ಅಂದರು. ಆಮೇಲೆ ನನಗೆ ಮಂದಿಯೂ ಕಾಣಲಿಲ್ಲ, ಹೊತ್ತೂ ಕಾಣಲಿಲ್ಲ. ಅಮ್ಮ ಕಡ್ಡಿಪೆಟ್ಟಿಗೆ ಹಿಡಿದು ನನ್ನ ತಲೆಯ ಮೇಲೆಯೇ ನಿಂತಿದ್ದಳು. ಕಡೆಯ ತುಂಡು ಕೂತಾಗ ಹೊರಗೆ ಇನ್ನೂ ಮಬ್ಬು ಬೆಳಕಿತ್ತು.

ಅಮ್ಮ ಬಗ್ಗಿ ಕಣ್ಣಿಟ್ಟು ನೋಡಿದಳು. ಬೆರಳಿಂದ ಕೂಡುಗಳನ್ನು ಸವರಿದಳು. “ಕೂಡೇತಿ” ಎಂದಳು. ದೀಪ ಹಚ್ಚಿದಳು, ಕೈ ಮುಗಿದಳು. ಆಮೇಲೆ ತೀರ್ಪು ಕೊಟ್ಟಳು: “ಹಗಲಿ ನಿನ್ನ ಆಟ, ರಾತ್ರಿ ನನ್ನ ದೇವರು. ದಿನಾ ದೀಪ ಹಚ್ಚೂದ್ರೊಳಗ ಕೂಡಬೇಕು. ಒಂದ ದಿನ ತಪ್ಪಿತೋ, ಮರುದಿವಸ ಹಳ್ಳಕ್ಕ ಬಿಟ್ಟು ಬರ್ತೀನಿ. ಮತ್ತ ಮೌನ್ಯಾನ ನ್ಯಾಯ ನಡೆಯಂಗಿಲ್ಲ.”

ಹೀಗೆ ಶುರುವಾಯಿತು ನೋಡಿ, ನನ್ನ ಜೀವನದ ಅತಿ ಗಮ್ಮತ್ತಿನ ಮಳೆಗಾಲ! ಮುಂಜಾನೆ ಅಮ್ಮ ಪೂಜೆ ಮುಗಿಸಿ ಹಲಗೆಯ ಮುಂದೆ ಗಲ್ಲ ಗಲ್ಲ ಬಡಿದುಕೊಂಡು, “ತಪ್ಪಾತೋ ನನ್ನಪ್ಪಾ, ಹುಡುಗಿ ಪಾಸಾಗೂತನಕ ಸಹಿಸ್ಕೋ” ಎಂದು ಶಿವನಿಗೆ ಹೇಳಿ ಅಪ್ಪಣೆ ಕೊಡುತ್ತಿದ್ದಳು. ಆಮೇಲೆ ನಾನು ಕೈಲಾಸವನ್ನು ಕೆದರಿ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದೆ. ಮಧ್ಯಾಹ್ನ ಮುಸುರೆ ತಿಕ್ಕಿ ಮುಗಿಸಿ ಗಂಟು ಬಿಚ್ಚುತ್ತಿದ್ದೆ. ಮೊದಲ ವಾರವೆಲ್ಲ ಕೂದಲೆಳೆಯಲ್ಲಿ ಪಾರು. ದಿನಾ ಒಂದು ಪರೀಕ್ಷೆ, ದಿನಾ ಮೂರು ಗಂಟೆಗೆ ಕೈ ತಣ್ಣಗಾಗುವುದು, ದಿನಾ ಅಂಗೈಗಳನ್ನು ನೆಲಕ್ಕೆ ಊರಿ ಮೊದಲ ಮೂಲೆ ಹುಡುಕುವುದು. ಮೂಲೆ ಸಿಕ್ಕರೆ ಸಾಕು, ಬೆರಳು ಬಿಸಿಯಾಗುತ್ತಿದ್ದವು. ಹುಡುಕುವುದರಲ್ಲಿ ಬಿದ್ದರೆ ನನಗೊಂದು ಎದೆ ಇದೆ ಎಂಬುದೇ ಮರೆತುಹೋಗುತ್ತಿತ್ತು.

ಕಠಿಣವಾದದ್ದು ನೀಲಿ. ಆಕಾಶವೂ ನೀಲಿ, ಶಿವನ ಮೈಯೂ ಅದೇ ನೀಲಿ. ಯಾವುದು ತೋಳು, ಯಾವುದು ಬಯಲು ತಿಳಿಯದೆ ನಾನು ತಲೆ ಚಚ್ಚಿಕೊಂಡರೆ ಅಮ್ಮ ಕಂಬಕ್ಕೆ ಒರಗಿ ನಗುತ್ತಿದ್ದಳು. “ಅದಕ್ಕ ಅವನ್ನ ದಿಗಂಬರ ಅಂತಾರಬೇ. ಹುಡುಕು, ಹುಡುಕು.”

ಬರಬರುತ್ತ ಅಮ್ಮನಿಗೂ ಹುಚ್ಚು ಹಿಡಿಯಿತು. ಮೊದಲು ಕಾವಲಿಗೆ ಕೂತವಳು ಆಮೇಲೆ ಸಲಹೆ ಕೊಡತೊಡಗಿದಳು. ಆಮೇಲೆ ಕೈಯನ್ನೇ ಹಾಕಿದಳು. ಕಣ್ಣು ಮಂಜಾಗಿದ್ದರಿಂದ ತುಂಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಇದು ಇಲ್ಲಿಯದೇ ಎಂದು ಇಟ್ಟರೆ ಟಕ್ಕೆಂದು ಕೂಡುತ್ತಿತ್ತು! ಒಂದು ದಿನ ಒಂದು ತುಂಡು ಸಿಗದೆ ನಾನು ಕಣ್ಣೀರಿಗೆ ಬಂದಿದ್ದೆ. ಮನೆಯೆಲ್ಲ ಕಸಬರಿಗೆ ಆಡಿಸಿದೆವು. ದೀಪದ ಹೊತ್ತು ಬಂತು. ಆಗ ಈ ಮುದುಕಿ ಮಡಿಲಿನಿಂದ ತುಂಡು ತೆಗೆದು, ಪಾರ್ವತಿಯ ಮೂಗಿನ ಜಾಗಕ್ಕೆ ಇಟ್ಟು, ಏನೂ ಅರಿಯದವಳ ಹಾಗೆ ಕಡ್ಡಿ ಗೀರಿದಳು. ಕಡೆಯ ತುಂಡು ತಾನೇ ಇಡಬೇಕೆಂದು ಮಧ್ಯಾಹ್ನದಿಂದಲೂ ಬಚ್ಚಿಟ್ಟುಕೊಂಡಿದ್ದಳು! “ಏನಮ್ಮಾ ಇದು, ಜೀವ ಹೋಗಿತ್ತಲ್ಲ ನಂದು!” ಎಂದು ನಾನು ಹಾರಾಡಿದೆ. “ದಿನಾ ಕಡೀದು ನೀನ ಇಡಬೇಕಂತ ಸರಕಾರದವ್ರು ಬರದು ಕೊಟ್ಟಾರೇನು?” ಎಂದು ನನಗೇ ಜೋರು ಮಾಡಿದಳು.

ಅಪ್ಪ ಮಾತ್ರ ಇದರ ತಂಟೆಗೆ ಬರಲಿಲ್ಲ. ಹೊಲದಿಂದ ಬಂದು ಕಾಲಿನ ಎರಿಮಣ್ಣನ್ನು ಕಟ್ಟಿಗೆಯಿಂದ ಕೆರೆಯುತ್ತ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದ. “ಲೆಕ್ಕ ಮಾಡೂದು ಬಿಟ್ಟು ಇದೊಂದು ಹುಡುಗಾಟಕಿ” ಎಂದು ಗೊಣಗುತ್ತಿದ್ದ. ಲೆಕ್ಕವನ್ನೂ ಮಾಡುತ್ತಿದ್ದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ, ಕೈ ಇನ್ನೂ ಬಿಸಿ ಇರುವಾಗಲೇ, ಅದೇ ಜಾಗದಲ್ಲಿ ಪುಸ್ತಕ ತೆಗೆಯುತ್ತಿದ್ದೆ. ಮೊದಲು ಒಂದು ಲೆಕ್ಕ, ಆಮೇಲೆ ಎರಡು, ಶ್ರಾವಣ ಮುಗಿಯುವ ಹೊತ್ತಿಗೆ ಹತ್ತು! ಪುಸ್ತಕಕ್ಕೆ ನನ್ನ ಹೆದರಿಕೆ ಹುಟ್ಟಿತೇನೋ ಅನ್ನಿಸುತ್ತಿತ್ತು. ಒಂದು ಸಂಜೆ ನಾನು ಷಣ್ಮುಖನ ನವಿಲಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದಾಗ ಹೊಸ್ತಿಲಿನಿಂದ ದನಿ ಬಂತು: “ಅಲ್ಲ ಅದು. ಆ ಬಲಗಡೆ ಬಿದ್ದೈತಲ್ಲ, ಅದನ್ನ ತಿರುವಿ ಹಚ್ಚು.” ತಿರುವಿ ಹಚ್ಚಿದೆ. ಕೂಡಿತು. ತಲೆಯೆತ್ತಿ ನೋಡುವುದರೊಳಗೆ ಅಪ್ಪ ಕೊಟ್ಟಿಗೆಯ ಕಡೆ ನಡೆದಿದ್ದ. ಅಂದರೆ ಇಷ್ಟು ದಿನ ಕಾಲು ಕೆರೆಯುತ್ತ ನಿಂತು ಮಾಡಿದ್ದು ಇದೇ ಅನ್ನಿ.

ಸೆಪ್ಟೆಂಬರ್ ಕಡೆಯ ಉತ್ತರಿ ಮಳೆ ಹತ್ತಿತು. ಪರೀಕ್ಷೆಗೆ ಇನ್ನು ಎಂಟೇ ದಿನ. ಮೂರು ದಿನ ಸೂರ್ಯನ ಮುಖವಿಲ್ಲ. ನಮ್ಮದು ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಾವಣಿಯ ಮನೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಮಧ್ಯಾಹ್ನ ಗೋಡೆಯ ಗೂಡಿನಿಂದ ಗಂಟು ತೆಗೆದರೆ ನೀರು ತೊಟ್ಟಿಕ್ಕುತ್ತಿದೆ! ಬಿಚ್ಚಿ ನೋಡಿದೆ. ತುಂಡುಗಳೆಲ್ಲ ನೆನೆದು ಉಬ್ಬಿದ್ದವು. ಕೆಲವಕ್ಕೆ ಕಾಗದ ಎದ್ದಿತ್ತು. ಮೂಲೆ ಇಟ್ಟೆ, ಅಂಚು ಒತ್ತಿದೆ, ಕೂಡಲಿಲ್ಲ. ಎರಡು ತಿಂಗಳು ಕಣ್ಣುಮುಚ್ಚಿ ಕೂಡಿಸಿದ ಎರಡು ತುಂಡು ಒಂದನ್ನೊಂದು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಾಕಾನನ್ನು ಕರೆಯೋಣವೆಂದರೆ ಆತ ಮಿಶ್ರಿಕೋಟಿಗೆ ಮದುವೆಯ ಮಾತಿಗೆ ಹೋಗಿದ್ದ. ಬೆರಳು ತಣ್ಣಗಾದವು. ಎದೆಯ ಬಡಿತ ಶುರುವಾಯಿತು. ನನಗೆ ಆಗ ಅನ್ನಿಸಿದ್ದು ಹಳ್ಳದ ಮಾತಲ್ಲ. ಪರೀಕ್ಷೆಯ ದಿನವೂ ಹೀಗೇ ಆಗುತ್ತದೆ, ಎಲ್ಲ ಬಂದೂ ಏನೂ ಕೂಡುವುದಿಲ್ಲ, ಮುಗಿಯಿತು ನನ್ನ ಕಥೆ ಅನ್ನಿಸಿತು. ನೆಲಕ್ಕೆ ಕೈ ಊರಿದೆ; ನೆಲವೂ ಒದ್ದೆ. ಅಳು ಒತ್ತರಿಸಿ ಬಂತು, ಜೋರಾಗಿ ಅತ್ತೆ.

ಅಮ್ಮ ಗದರಲಿಲ್ಲ. ಒಂದು ತುಂಡು ಎತ್ತಿ ಹೆಬ್ಬೆರಳಿನಿಂದ ಸವರಿದಳು. “ಉಬ್ಬ್ಯಾವು. ಉಬ್ಬಿದ್ದು ಒಣಗಿದ್ರ ಇಳೀತಾವು. ಏಳು, ಹಂಚಿನ ಮ್ಯಾಲೆ ಹಾಕೂಣು.”

ಅವ್ವ ಆಗಷ್ಟೇ ರೊಟ್ಟಿ ಮುಗಿಸಿದ್ದಳು. ಒಲೆಯ ಮೇಲಿನ ಬಿಸಿ ಹಂಚಿಗೆ ಬಟ್ಟೆ ಹಾಸಿ ಕೈಲಾಸವನ್ನು ಹರಡಿದೆವು. ನಾಲ್ಕು ನಾಲ್ಕು ತುಂಡು, ತಿರುವಿ ತಿರುವಿ. ಅವ್ವ ಎದ್ದ ಕಾಗದಕ್ಕೆ ಮೈದಾ ಹಚ್ಚಿ ಒತ್ತುತ್ತಿದ್ದಳು. ಅಪ್ಪ ಕಂಬಳಿ ಕೊಪ್ಪೆ ಹೊದ್ದು ಒಳಗೆ ಬಂದವನು ಒಂದು ಗಳಿಗೆ ನಿಂತು ನೋಡಿದ. ಕಾಲು ಕೆರೆಯುವುದನ್ನೂ ಮರೆತು ಮಣ್ಣುಗಾಲಲ್ಲೇ ಅಡುಗೆಮನೆಗೆ ಬಂದು ಒಲೆಗೆ ಹತ್ತಿಕಟ್ಟಿಗೆ ತುರುಕತೊಡಗಿದ. ನಂದಿಯ ಕಿವಿ ಸ್ವಲ್ಪ ಸೀದಿತು. “ಲೇ ನೀಲಿ, ನಂದಿ ರೊಟ್ಟಿ ಆತು, ತಿರುವು!” ಎಂದು ಅಪ್ಪ ಕೂಗಿದಾಗ ಅಳುತ್ತಿದ್ದ ನನಗೆ ನಗು ಬಂತು. ನಾನು ಒಣಗಿದ್ದನ್ನು ಪಡಸಾಲೆಗೆ ಒಯ್ದು ಕೂಡಿಸುವುದು, ಅವರು ಇನ್ನಷ್ಟು ಒಣಗಿಸಿ ತರುವುದು. ಏನು ಓಡಾಟ, ಏನು ಗದ್ದಲ! ಆದರೂ ನೀಲಿಯೆಲ್ಲ ಉಳಿದಿತ್ತು, ಹೊರಗೆ ಕತ್ತಲು ಕವಿಯುತ್ತಿತ್ತು. ಊರಲ್ಲಿ ಒಂದೊಂದೇ ಮನೆಯ ದೀಪ ಹತ್ತಿದ್ದು ಕಿಟಕಿ ಸಂದಿಯಲ್ಲಿ ಕಂಡಿತು. ನಾನು ಹೆದರಿ ಅಮ್ಮನ ಕಡೆ ನೋಡಿದೆ.

ಬುದ್ಧಿ ಬಂದಾಗಿನಿಂದ ಒಂದು ದಿನವೂ ದೀಪ ತಡ ಮಾಡದ ಹೆಂಗಸು ಅದು. ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಬಾಜು ಕುಕ್ಕರಿಸಿದಳು.

“ಹೊತ್ತು ಮುಣಗೇತಿ ಅಂತ ಯಾರು ಹೇಳ್ಯಾರು? ಮೂರು ದಿನ ಆತು, ಸೂರ್ಯಾನ್ನ ಕಂಡವ್ರು ಯಾರದಾರ ಊರಾಗ? ಕಾಣದವ ಮುಣಗಿದ್ದು ಹೆಂಗ ಗೊತ್ತಾಗತೈತಿ? ನೀ ನಿಧಾನಕ ಕೂಡಸಬೇ.”

ಆ ಮಾತು ಕೇಳಿ ನನ್ನೊಳಗೆ ಬಿಗಿದದ್ದೆಲ್ಲ ಸಡಿಲಾಯಿತು. ಕಣ್ಣೊರೆಸಿಕೊಂಡೆ. ಮಬ್ಬಿನಲ್ಲಿ ಬಣ್ಣ ಕಾಣದೆ, ನಾನೂ ಅಮ್ಮನ ಹಾಗೆ ಹೆಬ್ಬೆರಳಿನಿಂದಲೇ ಅಂಚು ಸವರಿ ನೀಲಿಯನ್ನು ಕೂಡಿಸಿದೆ. ಸಡಿಲಾಗಿ, ಅಲ್ಲಲ್ಲಿ ಸಂದಿ ಬಿಟ್ಟು, ಆದರೂ ಕೂಡಿತು. ಆಮೇಲೆ ದೀಪ ಹಚ್ಚಿದಳು. ನನಗೆ ಅಂದು ಆಕೆಯ ಮೇಲೆ ಬಂದ ಪ್ರೀತಿಯನ್ನು ಇಷ್ಟು ವರ್ಷವಾದರೂ ಹೇಳಲು ಬರುವುದಿಲ್ಲ.

ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಅಮ್ಮ ಹಣೆಗೆ ವಿಭೂತಿ ಹಚ್ಚಿದಳು, ಅವ್ವ ಬುತ್ತಿ ಕಟ್ಟಿದಳು. ಅಪ್ಪ ಒಗೆದ ಧೋತರ ಉಟ್ಟು, ಪಟಗಾ ಸುತ್ತಿ ನನ್ನ ಜೊತೆ ಮುಂಜಾನೆಯ ಗಾಡಿ ಹತ್ತಿದ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮೆಣಸಿನಗಿಡ ನೋಡುತ್ತ ಕೂತಿದ್ದ. ನನಗೋ, ಬಾಯಿ ತೆರೆದರೆ ಬಾಯಿಪಾಠ ಮಾಡಿದ ಸೂತ್ರಗಳೆಲ್ಲ ಹೊರಗೆ ಬಿದ್ದುಹೋಗುತ್ತವೆಂದು ಹೆದರಿಕೆ.

ಕೈ ನಡುಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪ್ರಶ್ನೆಪತ್ರಿಕೆ ಬಂದ ಕೂಡಲೇ ನಡುಗಿತು, ಬೆವರಿತು, ಎದೆ ಬಡಿಯಿತು. ಬರಲಿ, ದಿನಾ ಮೂರು ಗಂಟೆಗೆ ಬರುವ ನೆಂಟ ಇಂದು ಮುಂಜಾನೆಯೇ ಬಂದಿದ್ದಾನೆ ಅಂದುಕೊಂಡೆ! ಅಂಗೈಗಳನ್ನು ಬೆಂಚಿನ ಮೇಲೆ ಊರಿದೆ. ಪತ್ರಿಕೆಯನ್ನು ಮೊದಲಿನಿಂದ ಓದಲೇ ಇಲ್ಲ. ಮೂಲೆ ಹುಡುಕಿದೆ. ನಾಲ್ಕು ಸಸಾರದ ಲೆಕ್ಕ ಸಿಕ್ಕವು, ಬರೆದೆ. ಬೆರಳು ಬಿಸಿಯಾದವು. ಆಮೇಲೆ ಅಂಚು, ಆಮೇಲೆ ಬಿಳಿ, ಆಮೇಲೆ ಬಣ್ಣ. ನೀಲಿಯಂಥ ಎರಡು ಲೆಕ್ಕ ಕಡೆಗೆ ಉಳಿದವು. ಒಂದನ್ನು ಸವರಿ ಸವರಿ ಕೂಡಿಸಿದೆ, ಇನ್ನೊಂದು ಉಳಿದೇ ಹೋಯಿತು. ಹೋಗಲಿ ಬಿಡು ಅಂದೆ. ಗಂಟೆ ಬಾರಿಸಿದಾಗ ನಾನು ಇನ್ನೂ ಬರೆಯುತ್ತಿದ್ದೆ. ಕಡೆಯ ಗಂಟೆಯ ತನಕ ಬೆಂಚಿನ ಮೇಲೆ ಕೂತಿದ್ದೆನಲ್ಲ, ಆ ಖುಷಿಗೆ ಪರೀಕ್ಷೆಯ ಕೋಣೆಯಿಂದ ಓಡುತ್ತಲೇ ಹೊರಗೆ ಬಂದೆ.

ಅಪ್ಪ ಗೇಟಿನ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಬುತ್ತಿ ಬಿಚ್ಚಿರಲಿಲ್ಲ. ಅವನ ಬಾಜು ಅಂಚೆ ಕಾರ್ಡಿನ ಚೂರುಗಳ ಒಂದು ಸಣ್ಣ ಗುಡ್ಡೆ. ನನ್ನ ಮುಖವನ್ನೇ ನೋಡಿದ. ನಾನು ಕಟ್ಟೆಯ ಮೇಲೆ ಕೂತೆ. ಚೂರು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಒಂದು ಮೂಲೆ ಎತ್ತಿದೆ, ಅದಕ್ಕೆ ಅರಿಷಿಣ ಹಚ್ಚಿತ್ತು. ಇನ್ನೊಂದು ಮೂಲೆ ಇಟ್ಟೆ, ನಡುವೆ ಎರಡು ಚೂರು ಹೊಂದಿಸಿದೆ. ‘ಕುಬಿಹಾಳ’ ಎಂದು ಓದಿದೆ. ಇನ್ನೊಂದು ಚೂರಿನಲ್ಲಿ ‘ನಿಮ್ಮ ಮಾತಿನ ದಾರಿ’ ಎಂದಿತ್ತು.

ಅಪ್ಪ ತನ್ನ ದಪ್ಪ ಅಂಗೈಯನ್ನು ಚೂರುಗಳ ಮೇಲೆ ಊರಿದ. “ಇದನ್ನ ಕೂಡಸಬ್ಯಾಡ.”

“ಅಪ್ಪಾ, ಅರಿಷಿಣ ಹಚ್ಚಿದ ಕಾರ್ಡು ಹರೀಬಾರದಲ್ಲ?”

“ಮೊನ್ನಿ ಬಂದಿತ್ತು, ಕಿಸೇದಾಗ ಇಟ್ಕೊಂಡಿದ್ದೆ.” ಆತ ನನ್ನ ಕಡೆ ನೋಡದೆ ಹೇಳಿದ. “ನೀ ಒಳಗ ಹೋದಿ. ಅರ್ಧಾ ತಾಸಾತು. ಹ್ವಾದ ಸಲ ನೀ ಎದ್ದು ಬಂದ ಹೊತ್ತು ಅದು. ಗೇಟಿನ ಕಡೆ ನೋಡಕೋತ ಕುಂತೆ, ಕೈ ನಡಗಾಕ ಹತ್ತಿತು. ಎಷ್ಟ ಹಿಡದ್ರೂ ನಿಲ್ಲವಲ್ದು. ಹರದೆ. ಹರದಂಗ ಹರದಂಗ ಹಗುರಾತು. ನನ್ನ ಕೈಯಾಗ ಒಂದ ದಿನದ ನಡುಕ ತಡಕೊಳ್ಳಾಕ ಆಗಲಿಲ್ಲ. ನೀ ನಾಲ್ಕು ತಿಂಗಳ ತಡಕೊಂಡಿ.”

“ನಾ ಪಾಸಾಗಲಿಲ್ಲಂದ್ರ?” ಎಂದೆ.

“ಆಗಲಿಲ್ಲಂದ್ರ ಮಾರ್ಚ್ ಐತಲ್ಲಬೇ. ಮತ್ತ ಕಟ್ಟೂಣು.”

ಪಾಸಾದ ಸುದ್ದಿ ಬಂದದ್ದು ಆಮೇಲೆ, ಎಷ್ಟೋ ದಿನದ ಮೇಲೆ. ಅಂದು ಆ ಕಟ್ಟೆಯ ಮೇಲೆ ನನಗಾಗಲಿ ಅವನಿಗಾಗಲಿ ಏನೂ ಗೊತ್ತಿರಲಿಲ್ಲ. ಚೂರುಗಳನ್ನು ಅಪ್ಪ ಬೇವಿನ ಬುಡಕ್ಕೆ ಚೆಲ್ಲಿದ. ಎದ್ದು ನಿಂತಾಗ ಅವನ ಕೈ ಹಿಡಿದೆ. ಕೂರಿಗೆ ಹಿಡಿದು ಹಿಡಿದು ಕಲ್ಲಾದ ಆ ಕೈ ಇನ್ನೂ ತಣ್ಣಗಿತ್ತು. ಅದನ್ನು ನನ್ನ ಎರಡೂ ಅಂಗೈಗಳ ನಡುವೆ ಗಟ್ಟಿಯಾಗಿ ಹಿಡಿದು, ಅದು ಬೆಚ್ಚಗಾದ ಮೇಲೆಯೇ ನಾವು ಸ್ಟೇಶನ್ನಿನ ಕಡೆ ನಡೆದೆವು.